ಒಂದು ಹಸ್ತಪ್ರತಿಗೆ ಎರಡು ಬಾಗಿಲು

ಮೈಸೂರು

ಪ್ರೀತಿಯ ತಮ್ಮ,

ನಿನ್ನ ಪತ್ರವೂ ಕಾದಂಬರಿಯ ಮೊದಲ ಮೂರು ಅಧ್ಯಾಯಗಳೂ ತಲುಪಿದವು. ಆಲೆಮನೆಯ ದೃಶ್ಯವನ್ನು ಎರಡು ಸಲ ಓದಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ಬರುವಾಗ ಅಪ್ಪ ಮಗನ ಮುಖ ನೋಡದೆಯೇ ಜಮೀನಿನ ಮಾತು ಎತ್ತುತ್ತಾನಲ್ಲ, ಆ ಜಾಗವನ್ನು ಯಾರು ಏನೇ ಹೇಳಿದರೂ ತಿದ್ದಬೇಡ. ಕಥೆಯ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಈಗ ನೀನು ಕೇಳಿದ ಪ್ರಶ್ನೆಗಷ್ಟೇ ಉತ್ತರ. ಬೆಳಗ್ಗೆ ಮಂಡ್ಯದಿಂದ ಮೈಸೂರಿಗೆ ಬರುವ ರೈಲಿನಲ್ಲಿ ಮೊಬೈಲ್, ರಾತ್ರಿ ಮನೆಯಲ್ಲಿ ಭಾವನ ಹಳೆಯ ವಿಂಡೋಸ್ ಕಂಪ್ಯೂಟರ್. ಎರಡರಲ್ಲೂ ಒಂದೇ ಕಾದಂಬರಿ ಬರೆಯಲು ಸ್ಕ್ರಿವ್ನರ್ ಎಂಬ ಬರವಣಿಗೆಯ ತಂತ್ರಾಂಶ ಕೊಳ್ಳಲೇ ಎಂದು ಕೇಳಿದ್ದೀಯ.

ಈಗ ಬೇಡ. ಅದು ಕೆಟ್ಟದ್ದು ಎಂದಲ್ಲ. ಕಾದಂಬರಿಯನ್ನು ದೃಶ್ಯ ದೃಶ್ಯವಾಗಿ ಒಡೆದಿಟ್ಟು, ಬೇಕೆಂದಾಗ ಹಿಂದುಮುಂದು ಮಾಡುವುದರಲ್ಲಿ ಅದರಷ್ಟು ಅನುಕೂಲವಾದದ್ದನ್ನು ನಾನು ಬಳಸಿಲ್ಲ. 2007ರಲ್ಲಿ ಮ್ಯಾಕ್ ಕಂಪ್ಯೂಟರಿಗೆ ಬಂತು, ಆಮೇಲೆ ವಿಂಡೋಸ್‌ಗೆ, 2016ರಲ್ಲಿ ಐಫೋನ್ ಮತ್ತು ಐಪ್ಯಾಡ್‌ಗೆ. ಆಂಡ್ರಾಯ್ಡ್‌ಗೆ ಬಂದಿಲ್ಲ, ನಿನ್ನ ಕೈಯಲ್ಲಿರುವುದು ಆಂಡ್ರಾಯ್ಡ್. ಅಧ್ಯಾಯಗಳನ್ನು ಸಾದಾ ಪಠ್ಯದ ಕಡತಗಳಾಗಿ ಹೊರಗಿನ ಒಂದು ಫೋಲ್ಡರಿಗೆ ಇಳಿಸಿ, ಮೊಬೈಲಿನಲ್ಲಿ ತಿದ್ದಿ, ಮತ್ತೆ ಒಳಗೆ ಸೇರಿಸಿಕೊಳ್ಳುವ ದಾರಿ ಅದರಲ್ಲಿದೆ. ಆದರೆ ಪಾಂಡವಪುರ ದಾಟುವುದರೊಳಗೆ ಒಂದು ಪುಟ ಮುಗಿಸಬೇಕೆನ್ನುವವನಿಗೆ ಈ ಇಳಿಸುವ, ಏರಿಸುವ ಕೆಲಸವೇ ಹೊರೆಯಾಗುತ್ತದೆ. ಐಫೋನ್ ಇದ್ದವರಿಗೂ ಅಲ್ಲಿ ಒಂದು ಕಟ್ಟುನಿಟ್ಟು ಉಂಟು. ಹೊರಗೆ ಒಂದೇ ಕಡತದಂತೆ ಕಾಣುವ ಕಾದಂಬರಿ ನಿಜವಾಗಿ ಹತ್ತಾರು ಸಣ್ಣ ಕಡತಗಳ ಕಟ್ಟು. ಒಂದು ಯಂತ್ರದಲ್ಲಿ ಮುಚ್ಚಿ, ಎಲ್ಲವೂ ಅಂತರಜಾಲದಲ್ಲಿ ಕಡತ ಕಾಯ್ದಿಡುವ ಡ್ರಾಪ್‌ಬಾಕ್ಸ್‌ಗೆ ಹೋಗಿ ಮುಟ್ಟಿದ ಮೇಲೆಯೇ ಇನ್ನೊಂದರಲ್ಲಿ ತೆರೆಯಬೇಕು. ಅವಸರ ಮಾಡಿದರೆ ಕಟ್ಟು ಬಿಚ್ಚಿಹೋಗುತ್ತದೆ.

ಈ ಅವಸರದ ಬೆಲೆಯನ್ನು ಬೇರೊಂದು ತಂತ್ರಾಂಶದಲ್ಲಿ ನಾನೇ ತೆತ್ತಿದ್ದೇನೆ. ಕಳೆದ ಕಾದಂಬರಿಯ ಹದಿನಾಲ್ಕನೆಯ ಅಧ್ಯಾಯ ಬರೆಯುವಾಗ ಅತ್ತೆಯವರು ಆಸ್ಪತ್ರೆಯಲ್ಲಿದ್ದರು. ರಾತ್ರಿ ಕಾರಿಡಾರಿನ ಬೆಂಚಿನ ಮೇಲೆ ಕೂತು, ನೆಟ್‌ವರ್ಕ್ ಇಲ್ಲದ ಮೊಬೈಲಿನಲ್ಲಿ ಬರೆಯುತ್ತಾ ಹೋದೆ. ಬೆಳಗ್ಗೆ ಮನೆಗೆ ಬಂದು, ಮೊಬೈಲ್ ಚಾರ್ಜಿಗೆ ಹಾಕಿ, ಮೇಜಿನ ಮೇಲೆ ಹಿಂದಿನ ದಿನದಿಂದ ತೆರೆದೇ ಇದ್ದ ಅದೇ ಅಧ್ಯಾಯವನ್ನು ತಿದ್ದತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತ ಕೂತಿದ್ದವು. ಒಂದರಲ್ಲಿ ತಾಯಿ ಮನೆ ಮಾರಲು ಒಪ್ಪಿದ್ದಳು, ಇನ್ನೊಂದರಲ್ಲಿ ಒಪ್ಪಿರಲಿಲ್ಲ. ಎರಡೂ ನನ್ನವೇ, ಎರಡೂ ಅರ್ಧ. ಸೇರಿಸಲು ನಾಲ್ಕು ರಾತ್ರಿ ಹಿಡಿಯಿತು. ಆಸ್ಪತ್ರೆಯಲ್ಲಿ ಬರೆದಿದ್ದ ಒಂದು ಸಂಭಾಷಣೆಗೆ ಎಲ್ಲಿಯೂ ಜಾಗ ಸಿಗಲಿಲ್ಲ. ಅದನ್ನು ಬಿಟ್ಟದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಿನಗೆ ನಾನು ಹೇಳುವುದು ಇಷ್ಟೇ: ಹಸ್ತಪ್ರತಿ ಒಂದೇ ಇರಬೇಕು, ಅದು ಇರುವ ಜಾಗವೂ ಒಂದೇ ಇರಬೇಕು. ಮೊಬೈಲೂ ಕಂಪ್ಯೂಟರೂ ಆ ಮನೆಗೆ ಎರಡು ಬಾಗಿಲು, ಅಷ್ಟೆ. ನಿನ್ನ ಈಗಿನ ಅನುಕೂಲಕ್ಕೆ, ಕಡತವನ್ನು ಅಂತರಜಾಲದಲ್ಲೇ ಇಟ್ಟುಕೊಳ್ಳುವ ಗೂಗಲ್ ಡಾಕ್ಸ್ ಸಾಕು. ಇಡೀ ಕಾದಂಬರಿಯನ್ನು ಒಂದೇ ಕಡತದಲ್ಲಿ ಹಾಕಬೇಡ, ಇನ್ನೂರು ಪುಟ ದಾಟಿದರೆ ಮೊಬೈಲ್ ತಡವರಿಸುತ್ತದೆ. ಅಧ್ಯಾಯಕ್ಕೊಂದು ಕಡತ ಮಾಡಿ, ಹೆಸರಿನ ಮುಂದೆ 01, 02 ಎಂದು ಎರಡಂಕಿಯ ಸಂಖ್ಯೆ ಹಾಕು. ಬರೀ 1, 2 ಎಂದು ಹಾಕಿದರೆ ಕೆಲವು ಕಡೆ 10ನೆಯದು 2ರ ಮುಂದೆ ಬಂದು ಕೂರುತ್ತದೆ. ರೈಲು ಹತ್ತುವ ಮುಂಚೆ, ಮನೆಯಲ್ಲೇ, ಆ ದಿನದ ಅಧ್ಯಾಯವನ್ನು ಆಫ್‌ಲೈನ್‌ನಲ್ಲಿ ಸಿಗುವಂತೆ ಗುರುತು ಮಾಡಿಕೊ. ಹಳೆಯ ಆವೃತ್ತಿಗಳನ್ನು ತೆಗೆದು ನೋಡುವ ಸೌಲಭ್ಯ ಅದರಲ್ಲೇ ಇದೆ. ಅಳಿಸಿದ ಸಾಲು ಬೇಕೆನಿಸಿದಾಗ ಅಲ್ಲಿ ಹುಡುಕು.

ಇನ್ನು ಇಂಗ್ಲಿಷಿನಲ್ಲಿ ಬರೆಯುವವರು ಯಾರೂ ಹೇಳದ, ನಮಗೆ ಮಾತ್ರ ಇರುವ ತೊಡಕಿನ ಮಾತು. ನೀನು ಕಳಿಸಿದ ಮೂರನೆಯ ಅಧ್ಯಾಯ ನನ್ನ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡಿತು. ಭಾವನ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೀಯ ಎಂದು ಕಾಣುತ್ತದೆ. ಆ ಕಾಲದ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆಯೇ ಕನ್ನಡದ ರೂಪವನ್ನು ಕೂರಿಸಿರುತ್ತಿದ್ದರು. ಫಾಂಟ್ ಇಲ್ಲದ ಕಡೆ ಕನ್ನಡವೂ ಇರುವುದಿಲ್ಲ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್, ಅಂದರೆ ಕನ್ನಡದ ಅಕ್ಷರಗಳಿಗೇ ಬೇರೆ ಸಂಕೇತ ಕೊಡುವ ಪದ್ಧತಿ, ಇದೆ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಕೂತಿದ್ದರೆ ಅದನ್ನೂ ಬಿಡಬೇಕಾಗಿಲ್ಲ. ಯೂನಿಕೋಡ್ ಆಯ್ಕೆಯನ್ನು ಒತ್ತಿಕೊಂಡು ಬರೆ, ಸಾಕು. ಆಗ ರೈಲಿನಲ್ಲಿ ಬರೆದದ್ದೂ ಮನೆಯಲ್ಲಿ ಬರೆದದ್ದೂ ಒಂದೇ ಕನ್ನಡವಾಗುತ್ತದೆ.

ಅಷ್ಟಾದರೂ ಒಂದು ಸೂಕ್ಷ್ಮ ಉಳಿಯುತ್ತದೆ. ನಿನ್ನ ಮೊದಲ ಅಧ್ಯಾಯದಲ್ಲಿ ‘ನಿಂಗಮ್ಮ’ ಎಂದು ಹುಡುಕಿದೆ. ಕಣ್ಣಿಗೆ ಕಾಣುತ್ತಿದ್ದ ನಿಂಗಮ್ಮಂದಿರಲ್ಲಿ ಅರ್ಧ ಜನ ಸಿಗಲೇ ಇಲ್ಲ. ಹತ್ತಿರದಿಂದ ನೋಡಿದರೆ, ಕೆಲವು ಕಡೆ ಅನುಸ್ವಾರ ಹಾಕಿದ್ದೀಯ, ಕೆಲವು ಕಡೆ ‘ನಿ೦ಗಮ್ಮ’ ಎಂದು ಕನ್ನಡದ ಸೊನ್ನೆಯ ಅಂಕಿ ಒತ್ತಿದ್ದೀಯ. ಕಣ್ಣಿಗೆ ಎರಡೂ ಒಂದೇ ಸುತ್ತು, ಕಂಪ್ಯೂಟರಿಗೆ ಬೇರೆ ಬೇರೆ. ನಾಳೆ ನಿಂಗಮ್ಮನ ಹೆಸರನ್ನು ಚಿಕ್ಕತಾಯಮ್ಮ ಎಂದು ಬದಲಾಯಿಸಬೇಕೆನಿಸಿದರೆ ಅರ್ಧ ಕಾದಂಬರಿಯಲ್ಲಿ ಹಳೆಯ ಹೆಂಗಸೇ ಉಳಿಯುತ್ತಾಳೆ. ‘ಬಸ್‌ಗೆ’, ‘ಬಸ್ಗೆ’ ಎಂಬುದೂ ಹಾಗೆಯೇ. ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಮೊದಲನೆಯದರಲ್ಲಿದೆ. ಒಂದು ಕೀಲಿಮಣೆ ಅದನ್ನು ತಾನಾಗಿ ಹಾಕಿದರೆ, ಇನ್ನೊಂದರಲ್ಲಿ ನೀನೇ ಹಾಕಬೇಕು. ಪಾತ್ರಗಳ, ಊರುಗಳ ಹೆಸರನ್ನು ಒಂದು ಹಾಳೆಯಲ್ಲಿ ಸರಿಯಾಗಿ ಟೈಪ್ ಮಾಡಿಟ್ಟುಕೊ, ಎರಡೂ ಯಂತ್ರದಲ್ಲಿ ಅಲ್ಲಿಂದಲೇ ನಕಲು ಮಾಡು. ಬೇಸರದ ಕೆಲಸ ನಿಜ, ಆದರೆ ನಾನು ಇದನ್ನು ಮಾಡದೆ ಈಗ ಒಂದು ಅಧ್ಯಾಯವನ್ನೂ ಆರಂಭಿಸುವುದಿಲ್ಲ.

ಯಾವುದನ್ನು ಎಲ್ಲಿ ಬರೆಯಬೇಕು ಎಂಬುದಕ್ಕೂ ಲೆಕ್ಕ ಉಂಟು. ಎರಡನೆಯ ಅಧ್ಯಾಯವನ್ನು ರೈಲಿನಲ್ಲಿ ಬರೆದಿದ್ದೀಯ ಎಂದು ನೀನು ಹೇಳಬೇಕಾಗಿರಲಿಲ್ಲ. ಪ್ಯಾರಾಗಳು ಮೂರು ಮೂರು ಸಾಲಿಗೆ ಮುಗಿಯುತ್ತವೆ. ಮೊಬೈಲ್ ಪರದೆಯಲ್ಲಿ ಐದು ಸಾಲು ಬರೆದರೆ ಪುಟ ತುಂಬಿದಂತೆ ಕಾಣುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ನಾಲೆಯಲ್ಲಿ ನೀರು ಬಿಟ್ಟ ರಾತ್ರಿಯ ವರ್ಣನೆ ನಿಧಾನವಾಗಿ ಹರಿಯಬೇಕಿತ್ತು, ತುಂಡು ತುಂಡಾಗಿದೆ. ಅದೇ ಅಧ್ಯಾಯದ ಮಾತುಕತೆ ಮಾತ್ರ ಬಲು ಸೊಗಸು, ಎದುರು ಸೀಟಿನವರ ಮಾತು ಕಿವಿಗೆ ಬೀಳುತ್ತಲೇ ಬರೆದಂತಿದೆ. ರೈಲಿನಲ್ಲಿ ಸಂಭಾಷಣೆ ಬರೆ. ಕಣ್ಣು ದಣಿದ ದಿನ ಧ್ವನಿಯಿಂದ ಟೈಪ್ ಮಾಡು, ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್‌ನಲ್ಲಿ ಕನ್ನಡಕ್ಕೂ ಅದು ಇದೆ. ಹೇಳಿಸಿದ್ದನ್ನು ಅದೇ ದಿನ ಓದಿ ತಿದ್ದಿಬಿಡು, ವಾರ ಬಿಟ್ಟರೆ ನೀನು ಹೇಳಿದ್ದೇನು ಎಂದು ನಿನಗೇ ತಿಳಿಯುವುದಿಲ್ಲ. ಜೋಡಿಸುವುದು, ಕತ್ತರಿಸುವುದು, ಉದ್ದದ ವರ್ಣನೆ, ಇವೆಲ್ಲ ಮೇಜಿನ ಮುಂದೆ.

ತಿಂಗಳಿಗೊಮ್ಮೆ ಎಲ್ಲ ಅಧ್ಯಾಯಗಳನ್ನೂ ವರ್ಡ್ ಕಡತಗಳಾಗಿ ಇಳಿಸಿ ಪೆನ್‌ಡ್ರೈವಿಗೆ ಹಾಕಿ, ದಿನಾಂಕ ಬರೆದಿಡು. ಆ ಪ್ರತಿಯಲ್ಲಿ ತಿದ್ದಬಾರದು. ಪ್ರಕಾಶಕರ ಮಾತು ಈಗ ದೂರದ್ದು. ಆದರೂ ತಿಳಿದಿರಲಿ, ನಮ್ಮಲ್ಲಿ ಪುಟ ಕಟ್ಟುವ ಅನೇಕರು ಇನ್ನೂ ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಹಳೆಯ ಫಾಂಟಿಗೆ ಬದಲಿಸಿಕೊಂಡೇ ಕೆಲಸ ಮಾಡುತ್ತಾರೆ. ಆ ಬದಲಾವಣೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಕರಡು ಬಂದಾಗ ನೀನೇ ಕೂತು ಓದಬೇಕು.

ಭಾನುವಾರ ಬೆಳಗಿನ ರೈಲಿಗೆ ಬಾ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು, ಮನೆಯಲ್ಲಿ ತಿಂಡಿ ತಿಂದು ಕೂರೋಣ. ಮೂರನೆಯ ಅಧ್ಯಾಯವನ್ನು ಯೂನಿಕೋಡಿಗೆ ಬದಲಿಸುವುದನ್ನು ನನ್ನ ಕಂಪ್ಯೂಟರಿನಲ್ಲೇ ತೋರಿಸುತ್ತೇನೆ. ಪೆನ್‌ಡ್ರೈವ್ ಮರೆಯಬೇಡ, ಚಾರ್ಜರನ್ನೂ ತಾ.

ನಿನ್ನ
ಅಕ್ಕ