ಕರಾವಳಿಯ ಸಸಿಗೆ ಬಯಲುಸೀಮೆಯ ಸೂತ್ರ ಒಗ್ಗದು

ಮಾನ್ಯರೇ,

ಪತ್ತನಾಜೆ (ಮಳೆಗಾಲಕ್ಕೆ ಮೊದಲು, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನ) ಹತ್ತಿರ ಬಂತೆಂದರೆ ನಮ್ಮ ಕಡೆ ತರಕಾರಿ ಸಸಿ ಮಾಡುವ ಉಮೇದು ಜೋರಾಗುತ್ತದೆ. ಆದರೆ ಪುರವಣಿಗಳಲ್ಲಿ, ಯೂಟ್ಯೂಬ್‌ನಲ್ಲಿ ಸಿಗುವ ಸೂತ್ರ ಹೆಚ್ಚಾಗಿ ಒಂದೇ: ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಹುಡಿ), ಅರ್ಧ ಎರೆಗೊಬ್ಬರ, ಮೇಲೊಂದು ಹಸಿರು ನೆರಳುಬಲೆ. ಬೆಂಗಳೂರು, ಕೋಲಾರದ ಒಣಹವೆಗೆ ಅದು ಸರಿ. ಮಳೆಗಾಲದಲ್ಲಿ ಮನೆಯ ಗೋಡೆಯೂ ಬೆವರುವ ಮಂಗಳೂರು, ಉಡುಪಿಯಲ್ಲಿ ಅದು ಸಸಿ ಕೊಳೆಯುವುದಕ್ಕೆಂದೇ ಹೇಳಿ ಮಾಡಿಸಿದಂತಿದೆ.

ಕೋಕೋಪೀಟ್ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿನ ಜುಲೈಯಲ್ಲಿ ಆ ನೀರು ಆರುವುದೇ ಇಲ್ಲ. ಮೊಳಕೆ ಬಂದ ನಾಲ್ಕೈದು ದಿನಕ್ಕೆ ಬುಡ ನೂಲಿನಷ್ಟು ಸಪೂರವಾಗಿ ಸಸಿ ಮಲಗಿಬಿಡುತ್ತದೆ. ಇದು ಪಿಥಿಯಂ, ರೈಜೋಕ್ಟೋನಿಯಾ ಜಾತಿಯ ರೋಗಾಣುಗಳ ಕೆಲಸ. ನೀರು ಸಾಲದೆ ಬಾಡಿತೆಂದು ಮತ್ತಷ್ಟು ಎರೆದರೆ ಪಕ್ಕದ ಸಸಿಗಳೂ ಹೋಗುತ್ತವೆ.

ನಮ್ಮ ಹವೆಗೆ ಒಗ್ಗುವ ಮಿಶ್ರಣಕ್ಕೆ ಬೇಕಾದದ್ದು ಹಿತ್ತಿಲಲ್ಲೇ ಇದೆ, ಸುಡುಮಣ್ಣು. ತರಗೆಲೆ, ತೆಂಗಿನ ಒಣ ಮಡಲು, ಸಿಪ್ಪೆಯ ಮೇಲೆ ಒಣಮಣ್ಣು ಮುಚ್ಚಿ ಎರಡು ಮೂರು ದಿನ ಹೊಗೆಯಾಡಿಸಿ ಸುಟ್ಟರೆ ಮಣ್ಣಿನ ರೋಗಾಣು, ಕಳೆಬೀಜ ಎರಡೂ ಸಾಯುತ್ತವೆ. ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಹುಳಿಯೂ ಬೂದಿಯಿಂದ ತಗ್ಗುತ್ತದೆ. ಬಿಸಿ ಆರಿದ ತಕ್ಷಣ ಬಳಸಬಾರದು. ಒಮ್ಮೆ ಚೆನ್ನಾಗಿ ನೀರು ಹಾಕಿ ಹದಿನೈದು ದಿನ ಬಿಡಬೇಕು, ಇಲ್ಲವಾದರೆ ಬೂದಿಯ ಖಾರಕ್ಕೆ ಎಳೆ ಬೇರು ಸುಡುತ್ತದೆ. ಫ್ಲ್ಯಾಟಿನಲ್ಲಿ ಹೊಗೆ ಹಾಕಿದರೆ ನೆರೆಯವರು ಸುಮ್ಮನಿರಲಾರರು. ಅಂಥವರು ಏಪ್ರಿಲ್‌ನಲ್ಲಿ ಮಣ್ಣನ್ನು ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ತೆಳ್ಳಗೆ ಹರಡಿ ಕಟ್ಟಿ, ಟೆರೇಸಿನ ಬಿಸಿಲಿಗೆ ನಾಲ್ಕರಿಂದ ಆರು ವಾರ ಇಡಬಹುದು.

ಸುಡುಮಣ್ಣು 2 ಪಾಲು, ಜರಡಿ ಹಿಡಿದ ಹಳೆಯ ಹಟ್ಟಿಗೊಬ್ಬರ 1 ಪಾಲು, ಹೊಳೆಮರಳು 1 ಪಾಲು. ಕಡಲ ಮರಳು ಬೇಡ, ಉಪ್ಪು. ಕೋಕೋಪೀಟ್ ಹಾಕಲೇಬೇಕೆಂದಿದ್ದರೆ ಮಳೆಗಾಲದಲ್ಲಿ ಹತ್ತನೇ ಒಂದು ಪಾಲು ಸಾಕು, ಅದೂ ಎರಡು ಮೂರು ನೀರಿನಲ್ಲಿ ತೊಳೆದು. ಸುಟ್ಟ ಮಣ್ಣಿನಲ್ಲಿ ಒಳ್ಳೆಯ ಜೀವಾಣುವೂ ಉಳಿದಿರುವುದಿಲ್ಲ. ಆದ್ದರಿಂದ ಹಟ್ಟಿಗೊಬ್ಬರಕ್ಕೆ ಕಿಲೋಗೆ 10 ಗ್ರಾಂ ಟ್ರೈಕೋಡರ್ಮ (ರೋಗಾಣುಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರದ ಹುಡಿ), ಒಂದು ಹಿಡಿ ಬೇವಿನ ಹಿಂಡಿ ಕಲಸಿ, ಒದ್ದೆ ಗೋಣಿ ಮುಚ್ಚಿ ಹತ್ತು ಹದಿನೈದು ದಿನ ನೆರಳಲ್ಲಿಟ್ಟು ಬಳಿಕ ಬೆರೆಸಬೇಕು. ಅಲ್ಲಿಂದ ಮುಂದೆ ಮೇಲೆ ಬೂದಿ ಎರಚಬಾರದು. ಟ್ರೈಕೋಡರ್ಮದ ಪೊಟ್ಟಣದಲ್ಲಿ ತಯಾರಾದ ತಾರೀಕು ನೋಡದೆ ಕೊಳ್ಳುವವರೇ ಹೆಚ್ಚು. ಅದು ಜೀವವಿರುವ ವಸ್ತು, ಹಳತಾದರೆ ಬರೀ ಹುಡಿ.

ಇನ್ನು ನೆರಳುಬಲೆ. ಜೂನ್‌ನಲ್ಲಿ ಮೊದಲೇ ಬೆಳಕಿಲ್ಲ, ಬಲೆ ಕಟ್ಟಿದರೆ ಅದರಲ್ಲೂ ಅರ್ಧ ಹೋಯಿತು. ಮಳೆಯಂತೂ ಬಲೆಯಿಂದ ದಪ್ಪ ದಪ್ಪ ಹನಿಯಾಗಿ ಇಳಿದೇ ಇಳಿಯುತ್ತದೆ. ಸಸಿ ಬೆಳಕು ಹುಡುಕುತ್ತ ಉದ್ದವಾಗಿ, ಬಿಳಿಚಿಕೊಂಡು ಬೀಳುತ್ತದೆ. ಬೇಕಾದದ್ದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಇಳಿಜಾರು ಚಾವಣಿ, ನಾಲ್ಕೂ ಬದಿ ಗಾಳಿಗೆ ತೆರೆದಿರಬೇಕು. ನೆರಳುಬಲೆ ಮಾರ್ಚ್, ಏಪ್ರಿಲ್ಲಿಗಿರಲಿ.

ಕಾಲವನ್ನೂ ನೋಡಬೇಕು. ಹೀರೆ, ಮುಳ್ಳುಸೌತೆ, ಹಾಗಲ, ಪಡುವಲ ಮೇ ನಡುವಿನಲ್ಲಿ. ಇವುಗಳ ಬೇರು ಅಲುಗಾಡಬಾರದು. ಕಣ್ಣಿರುವ ತೆಂಗಿನ ಗೆರಟೆಯ (ಚಿಪ್ಪಿನ) ಮೂರೂ ಕಣ್ಣು ತೂತು ಮಾಡಿ, ಒಂದಕ್ಕೆ ಎರಡೇ ಬೀಜ, ಒಂದೂವರೆ ಸೆಂಟಿಮೀಟರ್ ಆಳಕ್ಕೆ. ಹದಿನೈದು ದಿನದೊಳಗೆ ಗೆರಟೆ ಮಗುಚಿ ಮಣ್ಣಿನ ಹೆಂಟೆ ಸಮೇತ ನೆಡಬಹುದು. ಗುಳ್ಳ (ನಮ್ಮ ಕಡೆಯ ದುಂಡು ಬದನೆ), ಟೊಮೆಟೊ, ಮೆಣಸಿನ ಬೀಜವನ್ನು ಮಳೆ ಹಿಂದಾಗುವ ಸೆಪ್ಟೆಂಬರ್‌ನಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿದರೆ ಟೊಮೆಟೊ 25 ದಿನಕ್ಕೆ, ಗುಳ್ಳ 30–35ಕ್ಕೆ, ಮೆಣಸು 40 ದಿನಕ್ಕೆ ನೆಡಲು ಬರುತ್ತದೆ. ಹಿಂದೆ ಬದನೆ, ಟೊಮೆಟೊ ಸೊರಗಿ ಸತ್ತ ಜಾಗದ ಮಣ್ಣನ್ನು ಮಾತ್ರ ಸಸಿ ಮಾಡಲು ಬಳಸಬೇಡಿ. ಆಗಷ್ಟೇ ಸೊರಗಿದ ಗಿಡದ ಕಾಂಡ ಕೊಯ್ದು ಗ್ಲಾಸಿನ ನೀರಲ್ಲಿ ತೂಗುಹಾಕಿ ನೋಡಿ. ಬಿಳಿ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಅಂಥ ಜಾಗಕ್ಕೆ ಅರ್ಕಾ ರಕ್ಷಕ್‌ನಂಥ ನಿರೋಧಕ ಟೊಮೆಟೊ ತಳಿಯೇ ಆಗಬೇಕು.

ಹರಿವೆ ಬೀಜವನ್ನು ಅಕ್ಕಿ ತರಿಯೊಂದಿಗೆ ಬೆರೆಸಿ ಬಿತ್ತುವ ಹಿರಿಯರ ಉಪಾಯ ಈಗಲೂ ನಡೆಯುತ್ತದೆ. ಇರುವೆ ತರಿ ಹೊರುವುದರಲ್ಲೇ ಮಗ್ನ. ಇರುವೆ ತಡೆಯಲೆಂದು ಟ್ರೇ ಇಟ್ಟ ಮೇಜಿನ ಕಾಲಡಿ ನೀರಿನ ಬಟ್ಟಲು ಬೇಡ, ನಮ್ಮಲ್ಲಿ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಎರಡು ನಿಜ ಎಲೆ ಬಂದ ಮೇಲೆ ಲೀಟರ್ ನೀರಿಗೆ 50 ಮಿಲಿ ಸೋಸಿದ ಜೀವಾಮೃತ (ಸಗಣಿ, ಗೋಮೂತ್ರ, ಬೆಲ್ಲ ಮೊದಲಾದವು ಕಲಸಿ ಹುಳಿಸಿದ ದ್ರವ), ವಾರಕ್ಕೊಮ್ಮೆ. ಬಿಳಿನೊಣಕ್ಕೆ ಔಷಧಿಗಿಂತ ಮೊದಲು 40–50 ಮೆಶ್‌ನ ಸಣ್ಣ ಕಣ್ಣಿನ ಕೀಟತಡೆ ಬಲೆ; ಸೊಳ್ಳೆಪರದೆಯ ಕಣ್ಣಿನಲ್ಲಿ ಅದು ನುಸುಳಿಬಿಡುತ್ತದೆ.

ಮುಂದೆ ಇಂಥ ಸೂತ್ರಗಳನ್ನು ಪ್ರಕಟಿಸುವಾಗ ಅದು ಯಾವ ಸೀಮೆಗೆ, ಯಾವ ತಿಂಗಳಿಗೆ ಎಂದು ಒಂದು ಸಾಲು ಸೇರಿಸಬೇಕೆಂದು ವಿನಂತಿ.

– ಓದುಗ, ಕಟಪಾಡಿ