ನಿದ್ದೆ ಕಾಯುವವರ ಲೆಕ್ಕವನ್ನೂ ಕೇಳಿ

ಸಂಪಾದಕರೇ,

ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಸ್ಲೀಪ್ ಸ್ಟಡಿ, ಅಂದರೆ ರಾತ್ರಿಯಿಡೀ ನಿದ್ದೆಯನ್ನೂ ಉಸಿರನ್ನೂ ಅಳೆಯುವ ಪರೀಕ್ಷೆಯ ಬಗ್ಗೆ ಇದ್ದದ್ದು ಒಂದೇ ಸಾಲು, ರೋಗಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಸಾಕು, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ ಅಂತ. ಆ ಯಂತ್ರದ ಪಕ್ಕ ಬೆಳಗಿನವರೆಗೆ ಕೂರುವವಳು ನಾನು, ಅದಕ್ಕೇ ಈ ಪತ್ರ.

ರೋಗಿ ಬಂದ ಮೇಲೆ ತಲೆಗೆ ಟೇಪು ಹಿಡಿದು ಅಳೆದು, ಗುರುತು ಹಾಕಿ, ಚರ್ಮ ಉಜ್ಜಿ, ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸುವುದಕ್ಕೇ ಮುಕ್ಕಾಲು ಗಂಟೆ ಬೇಕು. ತಲೆ, ಕಣ್ಣಿನ ಪಕ್ಕ, ಗದ್ದ, ಎದೆ, ಕಾಲು, ಎಲ್ಲ ಕಡೆ ವೈರು. ಎದೆಗೂ ಹೊಟ್ಟೆಗೂ ಬೆಲ್ಟು, ಮೂಗಿಗೆ ಸಣ್ಣ ನಳಿಕೆ, ಬೆರಳಿಗೆ ಆಕ್ಸಿಜನ್ ಕ್ಲಿಪ್. "ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಹೇಗಮ್ಮ ಬರುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಬರುತ್ತೆ. ಹಾಗೆ ಕೇಳಿದವರೇ ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯುವುದೂ ಉಂಟು.

ಆಮೇಲೆ ಆ ವೈರುಗಳಿಂದ ಬರುವ ಗೆರೆಗಳು ಮೂಡುವ ಪರದೆ. 30 ಸೆಕೆಂಡಿಗೆ ಒಂದು ಪುಟ, 8 ಗಂಟೆಗೆ 960 ಪುಟ. ಉಸಿರು 10 ಸೆಕೆಂಡಾದರೂ ನಿಂತರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಗಂಟೆಗೆ 30 ಸಲ ಉಸಿರು ನಿಂತರೆ ಅಥವಾ ಕುಗ್ಗಿದರೆ ಕಾಯಿಲೆ ತೀವ್ರವಾಗಿದೆ ಅಂತ ಅರ್ಥ, ಅಂದರೆ ಎರಡು ನಿಮಿಷಕ್ಕೊಮ್ಮೆ. ಬೆಲ್ಟು ಎದೆಯ ಒದ್ದಾಟ ತೋರಿಸುತ್ತಿರುತ್ತದೆ, ಮೂಗಿನ ಗೆರೆ ಮಾತ್ರ ಚಪ್ಪಟೆ. ಇಷ್ಟು ವರ್ಷವಾದರೂ ಆ ಗೆರೆ ಮತ್ತೆ ಏಳುವ ತನಕ ನನ್ನ ಉಸಿರೂ ಹಿಡಿದುಕೊಳ್ಳುತ್ತದೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಬೇಕು. ಕನಸು ಜಾಸ್ತಿ ಬೀಳುವ ಆರ್‌ಇಎಂ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಎರಡನೇ ಅರ್ಧದಲ್ಲಿ. ಆ ಹೊತ್ತಿಗೆ ಗಂಟಲಿನ ಸ್ನಾಯುಗಳೂ ಸಡಿಲವಾಗುವುದರಿಂದ ಎಷ್ಟೋ ಜನರಿಗೆ ಉಸಿರು ತುಂಬಾ ಹೊತ್ತು ಕಟ್ಟುವುದು, ಆಕ್ಸಿಜನ್ ಜಾಸ್ತಿ ಇಳಿಯುವುದು ಬೆಳಗಿನ ಜಾವದಲ್ಲೇ. ಕಾಯುವವರ ಮೈಗಡಿಯಾರವೂ ತಳ ಕಾಣುವುದು ಅದೇ 3ರಿಂದ 5 ಗಂಟೆಯೊಳಗೆ. ರೋಗಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದ ಹೊತ್ತಿಗೇ ನಮ್ಮ ರೆಪ್ಪೆ ಜಗ್ಗುತ್ತಿರುತ್ತದೆ. ಪಕ್ಕದ ರೂಮಿನಲ್ಲಿ ಬೆಡ್‌ಶೀಟ್ ಹಾಸಿದ ಖಾಲಿ ಮಂಚ ಬೇರೆ. ತೂಕಡಿಸುವವರಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಅನ್ನುವ ಗಾದೆಯನ್ನು ನಾವು ದಿನಾ ಕಣ್ಣಾರೆ ನೋಡುತ್ತೇವೆ.

ಅದಕ್ಕೇ ಒಬ್ಬ ಟೆಕ್ನಿಷಿಯನ್‌ಗೆ ಇಬ್ಬರು ರೋಗಿಗಳು ಅನ್ನುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಹಿಂದೆ ನಾನಿದ್ದ ಆಸ್ಪತ್ರೆಯೊಂದರಲ್ಲಿ ಮೂವರನ್ನು ಕೊಡುತ್ತಿದ್ದರು, ರಜೆ ಹಾಕಿದವರಿದ್ದರೆ ನಾಲ್ಕು. ಒಂದು ರಾತ್ರಿ ಒಬ್ಬರಿಗೆ ಸಿ-ಪ್ಯಾಪ್, ಅಂದರೆ ಮಾಸ್ಕ್ ಮೂಲಕ ಗಾಳಿ ಊದಿ ಗಂಟಲು ಮುಚ್ಚದ ಹಾಗೆ ಇಡುವ ಯಂತ್ರದ ಒತ್ತಡ ಹೊಂದಿಸುತ್ತಿದ್ದೆ. ಅದನ್ನು ಕಡಿಮೆ ಒತ್ತಡದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಐದು ನಿಮಿಷವಾದರೂ ಕಾದು ನೋಡಬೇಕು. ಮಾಸ್ಕ್ ಬೇರೆ ಸೋರುತ್ತಿತ್ತು, ಒಳಗೆ ಹೋಗಿ ಸರಿ ಮಾಡಿ ಬರುವಷ್ಟರಲ್ಲಿ ಮೂರನೇ ರೂಮಿನವರು ಶೌಚಾಲಯಕ್ಕೆ ಹೋಗಬೇಕು ಅಂತ ಕರೆದರು. ವಾಪಸ್ ಬಂದು ನೋಡಿದರೆ ಎರಡನೇ ರೂಮಿನ ಅಜ್ಜನ ಮೂಗಿನ ನಳಿಕೆ ಜಾರಿ, ಬೆರಳಿನ ಕ್ಲಿಪ್ ಕಳಚಿ ನಲವತ್ತು ನಿಮಿಷ ಆಗಿತ್ತು. ಅದೂ ಬೆಳಗಿನ ಜಾವದ ನಲವತ್ತು ನಿಮಿಷ. ಅವರಿಗೆ ಏನೂ ಆಗಲಿಲ್ಲ ನಿಜ, ಆದರೆ ಪರೀಕ್ಷೆಗೆ ಮತ್ತೊಂದು ರಾತ್ರಿ ಬರಬೇಕಾಯಿತು. ಬೈಸಿಕೊಂಡವಳು ನಾನು. ತಪ್ಪು ನನ್ನದಲ್ಲ ಅಂತ ಹೇಳುವುದಿಲ್ಲ, ಬರೀ ನನ್ನದು ಅಂತಲೂ ಒಪ್ಪುವುದಿಲ್ಲ.

ಬೆಳಿಗ್ಗೆ ವೈರು ಬಿಚ್ಚಿ, ಎಲ್ಲ ತೊಳೆದು, ರಿಪೋರ್ಟ್ ಬರೆದಿಟ್ಟು ಗಾಡಿ ಹತ್ತುತ್ತೇವೆ. 17 ಗಂಟೆ ಎಚ್ಚರವಿದ್ದರೆ ಕೈ-ಕಣ್ಣಿನ ಹಿಡಿತ ರಕ್ತದಲ್ಲಿ 0.05% ಮದ್ಯ ಇದ್ದವರಷ್ಟೇ ಕೆಡುತ್ತದೆ ಅಂತ 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ನಿದ್ದೆಯ ವಿಭಾಗದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಹನ್ನೊಂದು ಗಂಟೆಗೆ ಮೀಟಿಂಗ್ ಇಟ್ಟು, ರಾತ್ರಿ ಡ್ಯೂಟಿಯವರೂ ಬನ್ನಿ ಅಂತ ಮೆಸೇಜ್ ಹಾಕುತ್ತಾರೆ. ನಮ್ಮ ಹನ್ನೊಂದು ಗಂಟೆ ಅಂದರೆ ಉಳಿದವರ ನಡುರಾತ್ರಿ, ಅಲ್ವಾ?

ಸಂಬಂಧಿಕರೊಬ್ಬರು "ಮಲಗಿದವರನ್ನು ನೋಡೋಕೂ ಸಂಬಳಾನಾ?" ಅಂದಿದ್ದರು. ನಗು ಬಂತು, ಸುಮ್ನೆ ಇದ್ದೆ. ಬೇಜಾರಾಗುವುದು ಅಂಥ ಮಾತಿಗಲ್ಲ, ಮೂರನೇ ರೋಗಿಯ ಫೈಲ್ ಮೇಜಿನ ಮೇಲೆ ಬಂದು ಬಿದ್ದಾಗ.

ಇದನ್ನು ಓದುವ ಯಾರಾದರೂ ಸ್ಲೀಪ್ ಸ್ಟಡಿಗೆ ಹೋಗುವುದಿದ್ದರೆ, ವೈರು ಅಂಟಿಸುವವರನ್ನು ಒಂದು ಮಾತು ಕೇಳಿ, "ಇವತ್ತು ರಾತ್ರಿ ನಿಮ್ಮ ಪಾಲಿಗೆ ಎಷ್ಟು ಜನ?" ಅಂತ. ಮೂರು ಅಥವಾ ನಾಲ್ಕು ಅಂದರೆ ಬೆಳಿಗ್ಗೆ ಹೊರಡುವಾಗ ಆಸ್ಪತ್ರೆಯ ದೂರಿನ ಪುಸ್ತಕದಲ್ಲಿ ಅದನ್ನೇ ಬರೆದು ಹೋಗಿ. ನಾವು ಬರೆದರೆ ಅದನ್ನು ಓದುವವರಿಲ್ಲ.

ಇತಿ,
ಒಬ್ಬ ಸ್ಲೀಪ್ ಟೆಕ್ನಿಷಿಯನ್