ಯೂಸ್ಟನ್ ರೈಲಿನ ಆ ಅಮ್ಮನಿಗೆ

ಮಿಲ್ಟನ್ ಕೀನ್ಸ್‌ನಿಂದ ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ಹೊರಟ ರೈಲಿನಲ್ಲಿ ಎದುರು ಕುಳಿತಿದ್ದ ಅಮ್ಮಾ, ನಿಮ್ಮ ಹೆಸರು ಕೇಳಲಿಲ್ಲವಲ್ಲ ಎಂದು ಇಂದಿಗೂ ಮನಸ್ಸು ಕೊರೆಯುತ್ತದೆ. ಹಗಲು ಕೆಲಸ, ರಾತ್ರಿ ಓದು. ದೂರಶಿಕ್ಷಣ ನೀಡುವ ಓಪನ್ ಯೂನಿವರ್ಸಿಟಿಯ 360 ಕ್ರೆಡಿಟ್‌ಗಳ ಆನರ್ಸ್ ಪದವಿಯನ್ನು ಅರೆಕಾಲಿಕವಾಗಿ ಮುಗಿಸಲು ಸಾಮಾನ್ಯವಾಗಿ 6 ವರ್ಷ ಬೇಕು; ಅತಿಸೂಕ್ಷ್ಮ ಕಣಗಳ ಭೌತಶಾಸ್ತ್ರವಾದ ಕ್ವಾಂಟಮ್ ಮೆಕ್ಯಾನಿಕ್ಸ್ ಎದುರಾದಾಗ ನಾನು ಕೈಚೆಲ್ಲಿದ್ದೆ. ಗೋಡೆಗಳ ನಡುವೆ ಸಿಕ್ಕಿಬಿದ್ದ ಕಣದ ಶಕ್ತಿ ಏಕೆ ಶೂನ್ಯವಾಗದು?

ಟಿಪ್ಪಣಿಯಲ್ಲಿ ಕನ್ನಡ ಅಕ್ಷರ ಕಂಡು ಮಾತಾಡಿಸಿದಿರಿ. ಟಿಕೆಟ್ಟಿನ ಹಿಂಬದಿಯಲ್ಲಿ ವೀಣೆಯ ತಂತಿ ಬರೆದು, “ಎರಡೂ ತುದಿ ಬಿಗಿದಿದೆಯಪ್ಪ, ಅರ್ಧ ಅಲೆಯಾದರೂ ಇರಲೇಬೇಕಲ್ಲ?” ಎಂದಿರಿ. ಕಣವೂ ಅಲೆಯಂತೆಯೇ; ಅಲೆ ಇದ್ದಮೇಲೆ ಶಕ್ತಿ ಶೂನ್ಯವಾಗದು. ಕಣದ ಎರಡನೆಯ ಶಕ್ತಿಮಟ್ಟಕ್ಕೆ ಮೊದಲನೆಯದರ 4 ಪಟ್ಟು ಶಕ್ತಿ, ಮೂರನೆಯದಕ್ಕೆ 9 ಪಟ್ಟು ಎಂಬುದೂ ಆ ತಂತಿಯಿಂದಲೇ ಹೊರಟಿತು. ಎಷ್ಟು ಸರಳ!

ಆ ವಿಷಯದಲ್ಲಿ ಪಾಸಾದೆ, ಅಮ್ಮಾ. ಟಿಕೆಟ್ಟು ನನ್ನ ನೋಟ್‌ಬುಕ್ಕಿನಲ್ಲೇ ಇದೆ. ನಿಮಗೆ ಮನಸಾರೆ ವಂದನೆ.